ಎ ಗುಂಪಿನ ಮನೆ

ಸಂಕ್ರಾಂತಿ ಕಳೆದ ಮೂರನೆಯ ದಿನ ಶೈಲಜಮ್ಮ ಎರಡು ರವಿಕೆ ತಂದು ಮಗಳ ಹೊಲಿಗೆ ಯಂತ್ರದ ಮೇಲೆ ಹಾಕಿದರು.

"ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಡೇ. ತೋಳು ಹಿಡ್ಕೊಳ್ತಿದೆ."

ಮಹಾನಂದ ರವಿಕೆಯನ್ನು ಮಗುಚಿ ನೋಡಿದಳು. "ಅರ್ಧ ಇಂಚು ಕಾರ್ತೀಕದಲ್ಲೇ ಬಿಟ್ಟಾಯ್ತಲ್ಲಮ್ಮ. ಇನ್ನು ಒಳಗೆ ಬಟ್ಟೆನೇ ಇಲ್ಲ. ಮದುವೆ ಹೆಣ್ಣು ನಾನು, ಮೈ ತುಂಬ್ಕೊಳ್ತಿರೋಳು ನೀನು."

"ಹೋಗೇ! ಬೀಗಿತಿ ಆಗೋಳು ಕಡ್ಡಿ ಥರ ಇದ್ರೆ ಮಲ್ಲೇಶ್ವರದೋರು ಏನಂತಾರೆ? ಹೊಟ್ಟೆಗಿಲ್ಲದ ಮನೆ ಅಂತಾರೆ."

ತಾಯಿ ಮಗಳು ಇಬ್ಬರೂ ನಕ್ಕರು. ಅಡುಗೆಮನೆ ಹೊಸಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಸೊಸೆ ಶಿವಕುಮಾರಿ ನಗಲಿಲ್ಲ. ಅವಳ ಕೈ ಮೊರದಲ್ಲಿ ಹಾಗೆಯೇ ನಿಂತಿತು.

"ಅತ್ತೆ, ಮಾವ ಸರಿಯಾಗಿ ಊಟ ಮಾಡ್ತಿದಾರಾ?"

"ಮಾಡದೆ ಏನು? ಅವರ ತಟ್ಟೆ ನೋಡು, ಕನ್ನಡಿ ಆಗಿರುತ್ತೆ."

ಅದು ನಿಜ. ಚಾಮರಾಜಪೇಟೆಯ ಆ ಮನೆಯಲ್ಲಿ ತಟ್ಟೆಗೆ ಬಂದದ್ದು ಬರಿಯ ಅನ್ನವಲ್ಲ, ಪ್ರಸಾದ. ಕೈಯಲ್ಲಿಯ ಲಿಂಗಕ್ಕೆ ತೋರಿಸಿ ಉಣ್ಣತಕ್ಕದ್ದು. ಒಂದು ಅಗುಳೂ ಬಿಡುವ ಹಾಗಿಲ್ಲ. ಮನೆಯ ಯಜಮಾನ ಏಕಾಂತಯ್ಯನವರು ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಲ್ಲಿ ತೊಳೆದು, ಆ ನೀರನ್ನೂ ಕುಡಿದು ಏಳುವವರು. ಅವರ ತಂದೆಯೂ ಹಾಗೆಯೇ ಇದ್ದರಂತೆ. ಎಂದಾದರೂ ಗಂಡನ ತಟ್ಟೆಯಲ್ಲಿ ಉಳಿದರೆ ಅದು ಹೆಂಡತಿಗೆ. ಅದೇ ತಟ್ಟೆಗೆ ಬಡಿಸಿಕೊಂಡು ಅವಳು ಉಣ್ಣಬೇಕು. ಮೋರಿಗೆ ಹೋಗಬಾರದು, ಹಸುವಿಗೂ ಹೋಗಬಾರದು.

ಶಿವಕುಮಾರಿಯೂ ಹಾಗೆ ಉಂಡವಳು. ಮದುವೆಯಾದ ಎರಡನೆಯ ವರ್ಷ ಅವಳ ಗಂಡ ಚಂದ್ರಶೇಖರಯ್ಯ ಮೊದಮೊದಲು ಒಂದೆರಡು ತುತ್ತು ಬಿಟ್ಟ. ಆಮೇಲೆ ಅರ್ಧ ಮುದ್ದೆ. "ಅಮ್ಮನಿಗೆ ಹೇಳ್ಬೇಡ, ಬೇಜಾರು ಮಾಡ್ಕೊತಾಳೆ" ಎಂದು ಪಿಸುಗುಟ್ಟಿ ತಟ್ಟೆಯನ್ನು ಅವಳ ಕಡೆ ಸರಿಸುತ್ತಿದ್ದ. ತನಗೆಂದೇ ಬಿಡುತ್ತಾನೆ ಎಂದುಕೊಂಡು ಅವಳು ಸಂತೋಷದಿಂದ ಉಂಡಳು. ನಾಲ್ಕು ತಿಂಗಳು ಉಂಡಳು. ಅವಳ ರವಿಕೆಗಳ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಬಿಡಬೇಕಾಯಿತು. ನೆರೆಯವರು "ಏನಮ್ಮ, ವಿಶೇಷವಾ?" ಎಂದು ಕೇಳಿದರು. ದಿನವೂ ಎಲ್ಲ ತಟ್ಟೆಗಳೂ ಹೊಳೆಯುತ್ತಿದ್ದ ಆ ಮನೆಯಲ್ಲಿ ಒಬ್ಬ ಉಣ್ಣುತ್ತಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ಅವನು ಬಚ್ಚಲಲ್ಲಿ ರಕ್ತ ಕಾರಿದ ದಿನ ತಿಳಿಯಿತು. ಹೊಟ್ಟೆ ಕೊಯ್ದ ಡಾಕ್ಟರು ಒಳಗೆ ನೋಡಿ, ಹಾಗೆಯೇ ಹೊಲಿದರು. ಜಠರದ ಕ್ಯಾನ್ಸರ್ ಎಂದರು.

ಅದು ಐವತ್ತೊಂದನೆಯ ಇಸವಿಯ ಆಷಾಢ. ತಟ್ಟೆಯ ವಿಷಯವನ್ನು ಅವಳು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಮಾವನವರು ಅಂಗಡಿಯಿಂದ ಬಂದು ಗೂಟಕ್ಕೆ ಕೋಟು ಹಾಕುವಾಗ ಶಿವಕುಮಾರಿ ನೋಡಿದಳು. ಅಂಗಿಯ ಕುತ್ತಿಗೆಪಟ್ಟಿಯೊಳಗೆ ಎರಡು ಬೆರಳಲ್ಲ, ಇಡೀ ಕೈ ತೂರುವಷ್ಟು ಜಾಗವಿತ್ತು.

*

ಗಂಡ ತೀರಿಕೊಂಡ ವರ್ಷ ತುಂಬಿದ ಮೇಲೆ ಅವಳನ್ನು ಕೆಲಸಕ್ಕೆ ಹಚ್ಚಿದವರು ಮಾವನೇ. "ಬಿ.ಎಸ್‌ಸಿ. ಓದಿದ ಹುಡುಗಿ ಹಪ್ಪಳ ಒತ್ಕೊಂಡು ಕೂತ್ಕೊಬೇಕಾ?" ಎಂದು ಹೆಂಡತಿಯ ಮಾತು ಮೀರಿ ಆಸ್ಪತ್ರೆಯ ರಕ್ತ ವಿಭಾಗದಲ್ಲಿ ತರಬೇತಿಗೆ ಸೇರಿಸಿದ್ದರು. ಈಗ ಅವಳಿಗೆ ಇಪ್ಪತ್ತೇಳು. ದಿನವೂ ಎಂಟಕ್ಕೆ ಮನೆ ಬಿಟ್ಟು, ಗಾಜಿನ ಪಟ್ಟಿಗಳ ಮೇಲೆ ಜನರ ರಕ್ತದ ಹನಿಗೆ ಸೀರಂ ಬೆರೆಸಿ, ಒಡೆದ ಹಾಲಿನಂತೆ ಗರಣೆ ಕಟ್ಟಿತೋ ಇಲ್ಲವೋ ನೋಡಿ, ಎ, ಬಿ, ಓ ಎಂದು ಬರೆಯುವುದು ಅವಳ ಕೆಲಸ.

ಆ ವಿಭಾಗದ ಹಿರಿಯರಾದ ಡಾಕ್ಟರ್ ಗಂಗಾಧರಯ್ಯನವರು ಅವಳಿಗೆ ಬೇರೊಂದು ಕೆಲಸವನ್ನೂ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಇಂಗ್ಲೆಂಡಿನ ಡಾಕ್ಟರರು, ಜಠರದ ಕ್ಯಾನ್ಸರ್ ಬಂದವರಲ್ಲಿ ಎ ಗುಂಪಿನ ರಕ್ತದವರು ಸ್ವಲ್ಪ ಹೆಚ್ಚು ಎಂದು ಲೆಕ್ಕ ಹಾಕಿ ಬರೆದಿದ್ದರು. ನಮ್ಮಲ್ಲಿ ಹೇಗಿದೆ ನೋಡೋಣ, ಹಳೆಯ ರಿಜಿಸ್ಟರುಗಳಿಂದ ಆ ಕಾಯಿಲೆಯವರ ಗುಂಪುಗಳನ್ನು ಆರಿಸಿ ಬರೆಯಿರಿ ಎಂದಿದ್ದರು.

ಮರುದಿನ ಅವಳು ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟಳು.

"ಒಟ್ಟು ಅರವತ್ತೊಂದು ಜನ ಸರ್. ಎ ಗುಂಪು ಹತ್ತೊಂಬತ್ತು."

"ಸಾಮಾನ್ಯ ಜನರಲ್ಲಿ ನಮ್ಮಲ್ಲಿ ನೂರಕ್ಕೆ ಇಪ್ಪತ್ತೈದು, ಇಪ್ಪತ್ತಾರು. ಅಂದರೆ ಅರವತ್ತೊಂದಕ್ಕೆ ಹದಿನಾರು ಬರಬೇಕಿತ್ತು." ಡಾಕ್ಟರು ಪೆನ್ಸಿಲಿನಿಂದ ಗೀಟು ಎಳೆದರು. "ಮೂರು ಹೆಚ್ಚು. ಮೂರು ಜನರನ್ನ ಇಟ್ಕೊಂಡು ಏನೂ ಹೇಳೋ ಹಾಗಿಲ್ಲಮ್ಮ. ಇನ್ನೂ ನೂರಾರು ಜನ ಬೇಕು."

ಹತ್ತೊಂಬತ್ತರಲ್ಲಿ ಒಂಬತ್ತನೆಯ ಹೆಸರು ಅವಳ ಗಂಡನದು. ಎದುರಿಗೆ, ರಕ್ತ ಕೊಟ್ಟವರು ಏಕಾಂತಯ್ಯ, ತಂದೆ, ಎ ಗುಂಪು, ಎರಡು ಬಾಟಲಿ ಎಂದು ಯಾರದೋ ದುಂಡನೆಯ ಅಕ್ಷರದಲ್ಲಿತ್ತು. ಅವನು ಆ ಹದಿನಾರರಲ್ಲಿ ಇದ್ದಾನೋ, ಹೆಚ್ಚಾದ ಮೂರರಲ್ಲಿ ಇದ್ದಾನೋ ಎಂದು ಕೇಳಬೇಕೆನಿಸಿತು. ಕೇಳಿದ್ದು ಬೇರೆಯದನ್ನು.

"ಒಂದೇ ಮನೇಲಿ ಮಗನಿಗೂ ತಂದೆಗೂ ಬರುತ್ತಾ ಸರ್?"

"ಬರೋದುಂಟು. ಆದರೆ ಅಕ್ಷರ ನೋಡಿ ಹೆದರ್ಕೊಬೇಡಿ. ಇದು ಪಂಚಾಂಗ ಅಲ್ಲ. ಎ ಇದ್ದೋರಿಗೆಲ್ಲ ಬರಲ್ಲ, ಓ ಇದ್ದೋರೆಲ್ಲ ತಪ್ಪಿಸ್ಕೊಳ್ಳಲ್ಲ." ಅವರು ಕನ್ನಡಕ ತೆಗೆದರು. "ಯಾಕೆ, ಮಾವನಿಗೆ ಏನಾಗಿದೆ? ಊಟ ಸೇರ್ತಿಲ್ವಾ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂದ್ರೆ? ಒಂದೇ ಮನೇಲಿ ಇದೀರಲ್ಲಮ್ಮ!"

*

ಮಾವನವರ ಊಟ ಒಂಬತ್ತು ಗಂಟೆಗೆ, ಅವಳು ಹೊರಟ ಮೇಲೆ. ರಾತ್ರಿ ಅವರಿಗೆ ಬರಿಯ ಹಾಲು. ಆ ವಾರ ಒಂದು ದಿನ ತಲೆನೋವೆಂದು ರಜ ಹಾಕಿ ಅವಳು ಮನೆಯಲ್ಲೇ ಉಳಿದಳು.

ಏಕಾಂತಯ್ಯನವರು ಪೂಜೆ ಮುಗಿಸಿ ಬಂದು ಮಣೆಯ ಮೇಲೆ ಕೂತರು. ಮೂರು ಕಾಲಿನ ಅಡ್ಡಣಿಗೆಯ ಮೇಲೆ ಕಂಚಿನ ತಟ್ಟೆ. ಶೈಲಜಮ್ಮ ಬಿಸಿ ಮುದ್ದೆ, ಹಿತಕಬೇಳೆ ಸಾರು ಬಡಿಸಿದರು. ಮಾವ ಮೂರು ತುತ್ತು ನುಂಗಿದರು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ತಟ್ಟೆಯನ್ನು ಒಂದು ಗೇಣು ಮುಂದಕ್ಕೆ ಸರಿಸಿ ಕೈ ತೊಳೆದು ಎದ್ದರು. ಶೈಲಜಮ್ಮ ಅಲ್ಲೇ ಕೂತು, ಬಾಗಿಲ ಕಡೆಗೆ ಬೆನ್ನು ಮಾಡಿ, ಗಬಗಬನೆ ಉಂಡರು. ಹಸಿದವರು ಉಣ್ಣುವ ಹಾಗಿರಲಿಲ್ಲ, ಕೆಲಸ ಮುಗಿಸುವವರ ಹಾಗಿತ್ತು. ಕೊನೆಗೆ ತಟ್ಟೆ ತೊಳೆದು ನೀರು ಕುಡಿದರು.

ಶಿವಕುಮಾರಿ ಅವರನ್ನು ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಹಿಡಿದಳು.

"ಅತ್ತೆ, ಇದು ಎಷ್ಟು ದಿನದಿಂದ?"

"ಯಾವುದು?"

"ನಾನು ನೋಡ್ದೆ."

"ನೋಡ್ದೆ ಅಂದ್ರೆ ಏನೇ? ಕಳ್ಳರನ್ನ ಹಿಡಿಯೋಕೆ ರಜ ಹಾಕಿದ್ಯಾ? ಗಂಡನ ಪ್ರಸಾದ ಹೆಂಡತಿ ಉಂಡ್ರೆ ಅದೂ ತಪ್ಪಾ ನಿಮ್ಮ ಆಸ್ಪತ್ರೇಲಿ?"

"ಮಾವನ್ನ ಒಂದು ಸಲ ತೋರಿಸೋಣ. ಎಕ್ಸ್‌ರೇ ತೆಗೀತಾರೆ, ನೋವಿಲ್ಲ."

ಶೈಲಜಮ್ಮ ಕೊಡ ಕೆಳಗಿಟ್ಟರು. ದನಿ ತಗ್ಗಿತು. "ವೈಶಾಖದಲ್ಲಿ ಮದುವೆ. ಬೀಗರಾಗೋ ಮಲ್ಲಿಕಾರ್ಜುನಯ್ಯನವರು ಈಗಾಗ್ಲೇ ಒಂದು ಸಲ ಕೇಳಿದಾರೆ, ನಿಮ್ಮ ಮಗ ಯಾವ ಕಾಯಿಲೇಲಿ ಹೋದ ಅಂತ. ಜ್ವರ ಅಂದಿದೀವಿ. ಇನ್ನು ಇವರೂ ಅದೇ ಆಸ್ಪತ್ರೆ ಮೆಟ್ಲು ಹತ್ತಿದ್ರೆ ಆ ಮನೆ ಹುಡುಗಿ ಬೇಡ ಅಂತಾರೆ. ಮೂರು ತಿಂಗಳು. ಮದುವೆ ಒಂದು ಮುಗೀಲಿ."

"ಅದು ಮೂರು ತಿಂಗಳು ಕಾಯಲ್ಲ ಅತ್ತೆ."

"ಬಾಯಿ ಮುಚ್ಚು. ಅದೂ ಇದೂ ಅಂತ ಹೆಸರಿಡಬೇಡ ನನ್ನ ಮನೇಲಿ."

*

ಮನೆಯಲ್ಲಿ ಮಾತಾಡುವ ಹಾಗಿಲ್ಲವೆಂದು ಅವಳು ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ನೇರವಾಗಿ ಸುಲ್ತಾನ್‌ಪೇಟೆಗೆ ಹೋದಳು. ಏಕಾಂತಯ್ಯನವರದು ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಅಂಗಡಿ. ಒಳಗೆ ಕಾಲಿನಿಂದ ತುಳಿಯುವ ಪುಟ್ಟ ಯಂತ್ರ ಕಟಕಟ ಎನ್ನುತ್ತಿತ್ತು.

"ಏನಮ್ಮ ಕುಮಾರಿ, ಇಲ್ಲಿವರೆಗೆ? ಬಾ, ಬಾ. ನೋಡು, ನಂದಾ ಪತ್ರಿಕೆಗೆ ಈ ಅಂಚು ಚೆನ್ನಾಗಿದೆಯಾ, ಈ ಬಳ್ಳಿದು ಚೆನ್ನಾಗಿದೆಯಾ? ಊರೋರ ಮದುವೇಗೆಲ್ಲ ಪಟಪಟ ಅಂತ ಆರಿಸ್ತೀನಿ, ನನ್ನ ಮಗಳದಕ್ಕೆ ಕೈಯೇ ಬರ್ತಿಲ್ಲ."

"ಬಳ್ಳಿದು ಇರಲಿ ಮಾವ." ಅವಳು ಬೆಂಚಿನ ಮೇಲೆ ಕೂತಳು. "ಎಷ್ಟು ದಿನದಿಂದ ಊಟ ಸೇರ್ತಿಲ್ಲ?"

"ಯಾರು ಹೇಳಿದ್ದು? ನಿಮ್ಮತ್ತೆನಾ?"

"ಅವರು ಹೇಳಲ್ಲ. ನಿಮ್ಮ ಕೋಟು ಹೇಳ್ತಿದೆ."

ಮಾವ ತಮ್ಮ ಕೋಟನ್ನು ನೋಡಿಕೊಂಡು ನಕ್ಕರು. "ದೀಪಾವಳಿಯಿಂದ. ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೆ. ವಯಸ್ಸಮ್ಮ, ಇನ್ನೇನು."

"ಅವರೂ ಹೀಗೇ ಅಂತಿದ್ರು. ಎರಡು ತುತ್ತಿಗೇ ಅಂತ."

ಏಕಾಂತಯ್ಯನವರ ನಗು ನಿಂತಿತು. ಭಯವಾದರೂ ಹುಟ್ಟಲಿ, ಹೆದರಿಯಾದರೂ ಬರಲಿ ಎಂದು ಅವಳು ಮುಂದುವರಿಸಿದಳು. "ನಿಮ್ಮದೂ ಅವರದೂ ಒಂದೇ ಗುಂಪಿನ ರಕ್ತ ಮಾವ. ಎ ಅಂತ. ಆ ಗುಂಪಿನೋರಿಗೆ ಹೊಟ್ಟೆಯ ಈ ಕಾಯಿಲೆ ಸ್ವಲ್ಪ ಜಾಸ್ತಿ ಬರುತ್ತೆ ಅಂತ ಇಂಗ್ಲೆಂಡಿನ ಡಾಕ್ಟರು ಬರೆದಿದಾರೆ. ಎಲ್ಲರಿಗೂ ಬರಲ್ಲ. ಆದರೂ ಒಂದು ಸಲ ತೋರಿಸೋಣ ಬನ್ನಿ."

"ಒಂದೇ ಗುಂಪು ಅಂತ ಗೊತ್ತಲ್ಲ. ಅವತ್ತು ಅದಕ್ಕೇ ಅಲ್ವಾ ನನ್ನದು ತಗೊಂಡಿದ್ದು?" ಎಂದರು ಅವರು. ದನಿಯಲ್ಲಿ ಹೆಮ್ಮೆಯಿತ್ತು. ನೆಂಟರಿಷ್ಟರ ಮುಂದೆ ನೂರು ಸಲ ಹೇಳಿದ ಮಾತು ಅದು. ಹೇಳಿದ ಮೇಲೆ ಅವರು ಕೈಯಲ್ಲಿದ್ದ ಅಚ್ಚಿನ ಕಾಗದವನ್ನು ಕೆಳಗಿಟ್ಟರು.

"ಎರಡು ಬಾಟ್ಲಿ ಕೊಟ್ಟೆ ನಾನು."

"ಮಾವ, ನಾನು ಹೇಳಿದ್ದು ಅದಲ್ಲ."

"ನಮ್ಮಪ್ಪನಿಗೆ ಹೊಟ್ಟೇಲಿ ಗಡ್ಡೆ, ಗುಲ್ಮ ಅಂತಿದ್ರು. ಅನ್ನ ಬಿಟ್ಟು ಬಿಟ್ಟೇ ಹೋದ್ರು. ಅವರಿಂದ ನನಗೆ, ನನ್ನಿಂದ ಅವನಿಗೆ. ಹುಟ್ಟಿಸಿ ಕೊಟ್ಟಿದ್ದು ಸಾಲ್ದೂ ಅಂತ ಮೇಲೆ ಎರಡು ಬಾಟ್ಲಿ ಬೇರೆ ಹಾಕಿಸ್ದೆ. ಹಾಕಿಸಿ ಮೂರು ವಾರಕ್ಕೆ ಹೋದ."

"ಬಾಟ್ಲಿ ರಕ್ತದಲ್ಲಿ ಈ ಕಾಯಿಲೆ ಹೋಗಲ್ಲ. ಅವರಿಗೆ ಅಷ್ಟರಲ್ಲಿ ತುಂಬಿಹೋಗಿತ್ತು. ನಿಮ್ಮ ರಕ್ತದಿಂದ ಆ ಮೂರು ವಾರ ಸಿಕ್ತು ಅಷ್ಟೆ."

"ನೀನು ಒಳ್ಳೇ ಹುಡುಗಿ. ನೀನು ಹಾಗೇ ಹೇಳ್ತೀಯ."

ಅವರು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. "ಮಗನಿಗೆ ಬಡಿಸಿದ್ದು ನನ್ನ ತಟ್ಟೆಗೂ ಬಂದಿದ್ರೆ ಬರಲಿ ಕುಮಾರಿ. ಬಂದದ್ದನ್ನ ನಾನು ಬಿಟ್ಟೋನಲ್ಲ. ಆಸ್ಪತ್ರೆ ಮಾತು ಇನ್ನು ಎತ್ತಬೇಡ."

*

ಅಂದು ಸಂಜೆ ಅವರು ಪೂಜೆಗೆ ಕೂತವರು ಎರಡು ಗಂಟೆ ಏಳಲಿಲ್ಲ. ಶೈಲಜಮ್ಮ ದೇವರಕೋಣೆಯ ಬಾಗಿಲಿಗೂ ಅಡುಗೆಮನೆಗೂ ತಿರುಗಾಡಿ ಕೊನೆಗೆ ಸೊಸೆಯ ಮೇಲೆ ಬಿದ್ದರು.

"ಏನು ಹೇಳಿ ಬಂದ್ಯೇ ಅಂಗಡೀಗೆ ಹೋಗಿ? ನಮ್ಮ ರಕ್ತ ಕೆಟ್ಟದ್ದು, ನಮ್ಮ ವಂಶ ಕೆಟ್ಟದ್ದು ಅಂತಾ? ನಿನ್ನ ಕಾಲ್ಗುಣ ಮುಚ್ಕೊಳ್ಳೋಕೆ ಇಂಗ್ಲಿಷ್ ಅಕ್ಷರ ಹುಡುಕ್ಕೊಂಡು ಬಂದ್ಯಾ?"

"ಅತ್ತೆ, ನಾನು ಅವರನ್ನ ಉಳಿಸ್ಕೊಳ್ಳೋಣ ಅಂತ..."

"ನನ್ನ ಮಗನ್ನ ತಿಂದ್ಕೊಂಡೋಳು ನೀನು. ನೀನು ಉಳಿಸ್ತೀಯಾ?"

ಎಲ್ಲ ಅತ್ತೆಯರೂ ಆಡುವ ಮಾತು. ನಾಲ್ಕು ವರ್ಷದಲ್ಲಿ ಶೈಲಜಮ್ಮ ಇದೇ ಮೊದಲ ಸಲ ಆಡಿದ್ದರು. ಶಿವಕುಮಾರಿ ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನು ಇಳಿಸಿದಳು. ಕೈ ಸುಟ್ಟದ್ದು ಗೊತ್ತಾಗಲಿಲ್ಲ.

ಮಹಾನಂದ ಹೊಲಿಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. "ಅಪ್ಪನಿಗೆ ಏನಾಗಿದೆ?"

"ಏನೂ ಇಲ್ಲ, ಹೋಗು."

"ಏನೂ ಇಲ್ದೆ ಇಷ್ಟು ಕೂಗ್ತೀಯಾ? ಅತ್ತಿಗೆ, ನೀವು ಹೇಳಿ."

ಶಿವಕುಮಾರಿ ಹೇಳಿದಳು. ನಾಲ್ಕೇ ಮಾತಿನಲ್ಲಿ ಹೇಳಿದಳು. ಮಹಾನಂದ ತನ್ನ ಬೆರಳ ತುದಿ ನೋಡಿಕೊಂಡಳು. ಹೋದ ವರ್ಷ ಅತ್ತಿಗೆ ಅಭ್ಯಾಸಕ್ಕೆಂದು ಅದನ್ನು ಚುಚ್ಚಿ ಒಂದು ಹನಿ ತೆಗೆದಿದ್ದಳು, ತಾಯಿಯದೂ ತೆಗೆದಿದ್ದಳು.

"ನಂದು ಯಾವುದು ಬಂದಿತ್ತು ಅತ್ತಿಗೆ?"

"ಅದೆಲ್ಲ ಈಗ ಯಾಕೆ ನಂದಾ?"

"ಹೇಳಿ."

"ಎ."

"ಅಂದ್ರೆ ನಾನೂ ಸಾಲಲ್ಲಿ ನಿಂತಿದೀನಿ."

"ಇಲ್ಲ! ಬಸವನಗುಡಿಯಿಂದ ಮತ್ತಿಕೆರೆವರೆಗೆ ನಾಲ್ಕು ಜನರಲ್ಲಿ ಒಬ್ಬರು ಎ. ಅವರೆಲ್ಲ ಚೆನ್ನಾಗಿ ಉಂಡು ತಿಂದು ಮುದುಕರಾಗ್ತಾರೆ."

"ನೋಡು, ನೋಡು!" ಎಂದು ಶೈಲಜಮ್ಮ ತಲೆ ಚಚ್ಚಿಕೊಂಡರು. "ಮದುವೆ ಹೆಣ್ಣಿನ ತಲೇಗೂ ಹುಳ ಬಿಟ್ಟಳು. ಮಲ್ಲೇಶ್ವರದೋರ ಕಿವಿಗೆ ಬಿದ್ರೆ ಮುಗೀತು."

"ಬೀಳ್ಲಿ ಬಿಡಮ್ಮ. ಅಪ್ಪನ್ನ ಬಲಿ ಕೊಟ್ಟು ತಾಳಿ ಕಟ್ಟಿಸ್ಕೊಳ್ಳೋ ಆತುರ ನನಗಿಲ್ಲ."

ಶೈಲಜಮ್ಮ ಮಗಳ ಕೆನ್ನೆಗೆ ಹೊಡೆದರು. ದೇವರಕೋಣೆಯೊಳಗೆ ಗಂಟೆಯ ಸದ್ದೂ ಇರಲಿಲ್ಲ.

ಆಮೇಲೆ ಮೂರು ವಾರ ಹಾಗೆಯೇ ಕಳೆಯಿತು. ದಿನವೂ ಬೆಳಿಗ್ಗೆ ಶಿವಕುಮಾರಿ ಹೊರಡುವಾಗ "ಇವತ್ತು ಬನ್ನಿ ಮಾವ" ಎನ್ನುವಳು. ಅವರು "ನಡಿ, ನಿನಗೆ ಹೊತ್ತಾಯ್ತು" ಎನ್ನುವರು. ಮಹಾನಂದ ಅತ್ತಳು, ಉಪವಾಸ ಕೂರುತ್ತೇನೆ ಎಂದಳು. ಅವಳ ತಲೆ ಸವರಿ ಅವರು ಅಂಗಡಿಗೆ ಹೋದರು. ಕೋಟಿನ ಒಳಗೆ ಇನ್ನೊಂದು ಬನಿಯನ್ನು ಸೇರಿಸಿ ಹಾಕಿಕೊಳ್ಳತೊಡಗಿದ್ದರು. ಶೈಲಜಮ್ಮ ಈಗ ಸೊಸೆ ಮನೆಯಲ್ಲಿದ್ದರೂ ತಟ್ಟೆಯನ್ನು ಎಳೆದುಕೊಂಡು ಉಣ್ಣುತ್ತಿದ್ದರು, ಯಾರಾದರೂ ಏನಾದರೂ ಅನ್ನಲಿ ನೋಡೋಣ ಎನ್ನುವ ಹಾಗೆ. ಬಟ್ಟೆ ಒಗೆಯುವ ಕಲ್ಲಿನ ಬಳಿ ಒಂದು ದಿನ ಅವರು ಬಗ್ಗಿ, ಉಂಡದ್ದೆಲ್ಲವನ್ನೂ ಕಾರಿಕೊಂಡದ್ದನ್ನು ಶಿವಕುಮಾರಿ ನೋಡಿದಳು. ನೀರು ಹಾಕಿ ತೊಳೆದು, ಬಾಯಿ ಒರೆಸಿಕೊಂಡು, ಏನೂ ಆಗದವರಂತೆ ಒಳಗೆ ಬಂದರು.

*

ಶಿವರಾತ್ರಿ ಬಂತು. ಎಲ್ಲರೂ ಉಪವಾಸ. ಮರುದಿನ ಬೆಳಿಗ್ಗೆ ಪಾರಣೆಗೆ ಅಕ್ಕಿ ಪಾಯಸ, ಅನ್ನ, ಹೆಸರುಬೇಳೆ ತೊವ್ವೆ. ನಾಲ್ವರೂ ಒಟ್ಟಿಗೆ ಕೂತರು. ಏಕಾಂತಯ್ಯನವರು ಅಂಗೈಯ ಲಿಂಗಕ್ಕೆ ತೋರಿಸಿ, ಒಂದು ಚಮಚ ಪಾಯಸ ನುಂಗಿದರು. ಇನ್ನೊಂದು. ಹಣೆಯ ವಿಭೂತಿಯ ಕೆಳಗೆ ಬೆವರು ಮೂಡಿತು. ಅನ್ನವನ್ನು ಕಲಸಿದರು, ಮತ್ತೆ ಕಲಸಿದರು. ತಟ್ಟೆ ಒಂದು ಗೇಣು ಮುಂದೆ ಸರಿಯಿತು. ಶೈಲಜಮ್ಮನ ಕೈ ಬಂತು.

"ಮಾವ, ನಿಮ್ಮ ರಕ್ತ ಅಲ್ಲ," ಎಂದಳು ಶಿವಕುಮಾರಿ.

"ಪಾರಣೆ ದಿನ ಬೇಡ," ಎಂದರು ಅತ್ತೆ.

"ನಿಮ್ಮ ರಕ್ತ ಅಲ್ಲ, ನಾನು. ಅವರು ನಾಲ್ಕು ತಿಂಗಳು ಊಟ ಬಿಟ್ರು. ನಾನು ಉಂಡೆ. ದಿನಾ ಉಂಡೆ. ತಟ್ಟೆ ತೊಳೆದು ಕವುಚಿ ಹಾಕ್ದೆ. ಅದಕ್ಕೇ ನಿಮಗೆ ಯಾರಿಗೂ ಗೊತ್ತಾಗ್ಲಿಲ್ಲ. ಮೊದಲನೇ ತಿಂಗಳಲ್ಲೇ ಬಾಯಿ ಬಿಟ್ಟಿದ್ರೆ ಡಾಕ್ಟರು ಕತ್ತರಿಸಿ ತೆಗೀತಿದ್ರೋ ಏನೋ. ನನಗೆ ಅಂತ ಬಿಡ್ತಾರೆ ಅಂದ್ಕೊಂಡಿದ್ದೆ. ದಪ್ಪ ಆದೆ. ನೀವೆಲ್ಲ ಸಂತೋಷಪಟ್ರಿ."

ಅವಳ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. ರಿಜಿಸ್ಟರಿನಿಂದ ಓದಿದ ಹಾಗಿತ್ತು. ಮಹಾನಂದ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದಿದ್ದಳು.

"ಯಾಕೇ ಹೇಳ್ಲಿಲ್ಲ?" ಎಂದರು ಶೈಲಜಮ್ಮ. "ನನ್ನ ಹತ್ರ ಒಂದು ಮಾತು ಯಾಕೇ ಹೇಳ್ಲಿಲ್ಲ?"

"ನೀವು ಯಾಕೆ ಹೇಳ್ತಿಲ್ಲ ಅತ್ತೆ?"

ಶೈಲಜಮ್ಮ ಗಂಡನ ತಟ್ಟೆಯ ಅಂಚಿನ ಮೇಲಿದ್ದ ತಮ್ಮ ಕೈಯನ್ನು ನೋಡಿಕೊಂಡರು. ಏಕಾಂತಯ್ಯನವರೂ ನೋಡಿದರು. ಆ ಕೈ, ತೋಳಿಗೆ ಕಚ್ಚಿಕೊಂಡಿದ್ದ ರವಿಕೆ, ಉಬ್ಬಿದ ಮುಖ, ಕಣ್ಣಿನ ಕೆಳಗಿನ ಕಪ್ಪು. ದಿನವೂ ಎದುರಿಗೆ ಕೂತು ಬಡಿಸುತ್ತಿದ್ದವಳನ್ನು ಅವರು ದೀಪಾವಳಿಯಿಂದೀಚೆಗೆ ನೋಡಿಯೇ ಇರಲಿಲ್ಲವೆಂದು ತೋರಿತು. ಆಮೇಲೆ ಸೊಸೆಯ ಕಡೆ ತಿರುಗಿದರು.

"ನಾಲ್ಕು ವರ್ಷದಿಂದ ಇದನ್ನ ಇಟ್ಕೊಂಡು ಓಡಾಡ್ತಿದೀಯಾ?"

"ಹೂಂ ಮಾವ."

"ಬಿಡು ಶೈಲಜಾ," ಎಂದರು ಅವರು ಹೆಂಡತಿಗೆ. "ತಟ್ಟೆ ಬಿಡು."

"ಪಾರಣೆ ಪ್ರಸಾದ ಕಣ್ರೀ..."

"ಬಿಡು ಅಂದೆ. ನಾಳೆ ನಾನು ಹೋದ್ಮೇಲೆ ನೀನೂ ಹೀಗೇ ಕೂತ್ಕೊಂಡು ಲೆಕ್ಕ ಒಪ್ಪಿಸ್ಬೇಕಾ? ಒಂದು ಮನೇಗೆ ಒಬ್ಬಳು ಸಾಕು."

ಅವರು ನೀರು ಹಾಕದೆ ಎದ್ದರು. ಕಲಸಿದ ಅನ್ನ ತಟ್ಟೆಯಲ್ಲಿ ಹಾಗೆಯೇ ಇತ್ತು. ಯಾರೂ ಮುಟ್ಟಲಿಲ್ಲ, ಯಾರಿಗೂ ಅದನ್ನು ಏನು ಮಾಡಬೇಕೆಂದು ತಿಳಿಯಲೂ ಇಲ್ಲ. ಕೈ ತೊಳೆದು ಬಂದು ಅವರು ಕೋಟಿಗೆ ಕೈ ಹಾಕಿದರು.

"ಆಸ್ಪತ್ರೆ ಎಷ್ಟು ಗಂಟೇಗೆ ತೆಗೀತಾರೆ ಕುಮಾರಿ?"

*

ಸುಣ್ಣದ ನೀರಿನಂಥದ್ದನ್ನು ಕುಡಿಸಿ ಎಕ್ಸ್‌ರೇ ತೆಗೆದರು. ಜಠರದ ಕೆಳಬಾಯಿಯ ಹತ್ತಿರ ಗಂಟು ಇತ್ತು. ಸರ್ಜನ್ನರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮಗನದರಷ್ಟು ಹರಡಿದ ಹಾಗೆ ಕಾಣಲ್ಲ. ತೆಗೆಯೋಕೆ ನೋಡ್ತೀನಿ. ಮಾತು ಕೊಡಲ್ಲ," ಎಂದರು. ಬುಧವಾರ ಆಪರೇಷನ್ ಎಂದು ಗೊತ್ತಾಯಿತು. ಏಕಾಂತಯ್ಯನವರು ತಾವೇ ಮಲ್ಲಿಕಾರ್ಜುನಯ್ಯನವರಿಗೆ ಕಾಗದ ಬರೆದರು, ಮಗನ ಕಾಯಿಲೆಯ ಹೆಸರನ್ನೂ ಸೇರಿಸಿ. ಮಲ್ಲೇಶ್ವರದಿಂದ ಉತ್ತರ ಬಂದಿರಲಿಲ್ಲ.

ಎರಡು ಬಾಟಲಿ ರಕ್ತ ಬೇಕಿತ್ತು. ಎ ಗುಂಪಿನ ಒಂದು ಬಾಟಲಿ ಶೀತಪೆಟ್ಟಿಗೆಯಲ್ಲಿತ್ತು. ಮಹಾನಂದ ತಾನು ಕೊಡುತ್ತೇನೆಂದು ತೋಳು ಮಡಿಸಿ ನಿಂತಳು. ಗಂಗಾಧರಯ್ಯನವರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ತೊಂಬತ್ತು ಪೌಂಡೂ ಇಲ್ಲ. ನಿನಗೇ ಯಾರಾದರೂ ಕೊಡಬೇಕು ತಾಯಿ, ಇಳಿ," ಎಂದರು. ಶೈಲಜಮ್ಮನದು ಬಿ, ಬರುವಂತಿರಲಿಲ್ಲ. ಶಿವಕುಮಾರಿಯ ಹನಿಯನ್ನು ಮಾವನ ರಕ್ತದೊಂದಿಗೆ ಬೆರೆಸಿ ನೋಡಿದರು. ಸರಿಹೊಂದಿತು.

ಅತ್ತೆ ಸೊಸೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಪಾರಣೆಯ ದಿನದಿಂದ ಶೈಲಜಮ್ಮ ಅವಳೊಡನೆ ಅಡುಗೆಯ ಮಾತಲ್ಲದೆ ಬೇರೆ ಮಾತಾಡಿರಲಿಲ್ಲ.

"ನಿಂದು ಅವರಿಗೆ ಸೇರುತ್ತಂತಾ?"

"ಸೇರುತ್ತೆ ಅತ್ತೆ. ನಂದು ಓ. ಬೇರೆ ಗುಂಪಿನೋರಿಗೂ ಕೊಡಬಹುದು."

"ಅವನಿಗೂ ಸೇರ್ತಿತ್ತಾ?"

"ಸೇರ್ತಿತ್ತು."

"ನಿಂಗೆ ಯಾವಾಗ ಗೊತ್ತಾಯ್ತು?"

"ಇಲ್ಲಿ ಕೆಲಸ ಕಲಿಯೋಕೆ ಬಂದ ಮೊದಲನೇ ದಿನ. ಎಲ್ಲರೂ ಅವರವರ ಬೆರಳು ಚುಚ್ಕೊಂಡು ನೋಡ್ಬೇಕು ಅಂದ್ರು."

ಶೈಲಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅವತ್ತು ನಿನ್ನ ಕೇಳ್ಲೇ ಇಲ್ಲ ನಾವು. ಮನೆ ಗಂಡಸರು ಯಾರಿದೀರಿ ಅಂದ್ರು. ಇವರು ಎದ್ದು ಹೋದ್ರು."

ನರ್ಸು ಬಂದು ಶಿವಕುಮಾರಿಯನ್ನು ಕರೆದಳು. ಶೈಲಜಮ್ಮನೂ ಎದ್ದರು. ನರ್ಸು ಬೇಡವೆಂದದ್ದನ್ನು ಕೇಳಿಸಿಕೊಳ್ಳದವರಂತೆ ಹಿಂದೆಯೇ ಒಳಗೆ ಬಂದು ಮಂಚದ ಪಕ್ಕದಲ್ಲಿ ನಿಂತರು. ತೋಳಿಗೆ ಪಟ್ಟಿ ಬಿಗಿದು ಸೂಜಿ ಚುಚ್ಚಿದರು. ರಬ್ಬರ್ ಕೊಳವೆಯ ಮೂಲಕ ರಕ್ತ ಬಾಟಲಿಗೆ ಇಳಿಯತೊಡಗಿತು. ಶೈಲಜಮ್ಮ ಬಗ್ಗಿ ಬಾಟಲಿಯ ಮೇಲೆ ಕೈಯಿಟ್ಟರು.

"ಬಿಸಿ ಇದೆ."

"ಹೌದು ಅತ್ತೆ."

"ಅವತ್ತಿನದನ್ನೂ ಮುಟ್ಟಿದ್ದೆ. ಅದೂ ಬಿಸಿ ಇತ್ತು." ಅವರ ಹೆಬ್ಬೆರಳು ಗಾಜಿನ ಮೇಲೆ ನಿಧಾನವಾಗಿ ಆಡಿತು. "ಇವರು ಉಳೀತಾರಾ ಕುಮಾರಿ?"

"ಗೊತ್ತಿಲ್ಲ ಅತ್ತೆ."

ಶೈಲಜಮ್ಮ ತಲೆಯಾಡಿಸಿದರು. ಬಾಟಲಿ ತುಂಬುವವರೆಗೂ ಅವರು ಕೈ ತೆಗೆಯಲಿಲ್ಲ.